ಜಕಾರ್ತದ ಇಸ್ತಿಕ್ಲಾಲ್ ಮಸೀದಿ: ಗಾಳಿ, ನೆರಳಿನ ಲೆಕ್ಕದಲ್ಲಿ ಗೆದ್ದ ಕಟ್ಟಡ

ಇಂಡೋನೇಷ್ಯಾದ ರಾಷ್ಟ್ರೀಯ ಮಸೀದಿಯಾದ ಇಸ್ತಿಕ್ಲಾಲ್ ಬಗ್ಗೆ ಯಾರನ್ನೇ ಕೇಳಿ, ಮೊದಲು ಸಿಗುವುದು ಅಂಕಿಗಳ ಪಟ್ಟಿ. ಗುಮ್ಮಟದ ವ್ಯಾಸ 45 ಮೀಟರ್, ಅದು 1945ರ ಸ್ವಾತಂತ್ರ್ಯ ಘೋಷಣೆಯ ನೆನಪು. ಗುಮ್ಮಟ ಹೊತ್ತ ಕಂಬಗಳು 12, ಪ್ರವಾದಿಯವರ ಜನ್ಮದಿನವಾದ, ಇಸ್ಲಾಮೀ ಪಂಚಾಂಗದ ರಬೀಉಲ್ ಅವ್ವಲ್ ತಿಂಗಳ 12ರ ಗುರುತು. ಒಳಗಿನ ಅಂತಸ್ತುಗಳು ಐದು, ಹೊರಗಿನ ದ್ವಾರಗಳು ಏಳು, ಮಿನಾರಿನ ಎತ್ತರ 66.66 ಮೀಟರ್. ಪ್ರವಾಸಿ ಪುಸ್ತಕಗಳು ಇಲ್ಲಿಗೇ ನಿಲ್ಲುತ್ತವೆ. ನಮ್ಮ ಪ್ರಕಾರ ಈ ಕಟ್ಟಡದ ನಿಜವಾದ ಹೆಚ್ಚುಗಾರಿಕೆ ಇರುವುದು ಬೇರೆ ಕಡೆ. ಭೂಮಧ್ಯರೇಖೆಗೆ ಅಂಟಿಕೊಂಡಂತಿರುವ, ವರ್ಷವಿಡೀ ಬೆವರಿಳಿಸುವ ಊರಿನಲ್ಲಿ ಸಾವಿರಾರು ಜನ ಒಟ್ಟಿಗೆ ಕೂತರೂ ಉಸಿರುಗಟ್ಟದಂತೆ ಗಾಳಿ ಮತ್ತು ನೆರಳನ್ನು ಕಟ್ಟಡದ ಮೈಯಲ್ಲೇ ಇಟ್ಟಿದ್ದಾರಲ್ಲ, ಅದರಲ್ಲಿ. ಸೋತಿರುವುದು ಎಲ್ಲಿ ಎಂದರೆ ಸದ್ದಿನ ವಿಚಾರದಲ್ಲಿ, ಮತ್ತು ಸ್ವಲ್ಪಮಟ್ಟಿಗೆ ನಡೆಯಬೇಕಾದ ದೂರದ ವಿಚಾರದಲ್ಲಿ.

ಹಿನ್ನೆಲೆ ಚುಟುಕಾಗಿ. 1955ರಲ್ಲಿ ವಿನ್ಯಾಸ ಸ್ಪರ್ಧೆ ನಡೆಯಿತು, ತೀರ್ಪುಗಾರರ ಮಂಡಳಿಗೆ ಅಧ್ಯಕ್ಷ ಸುಕರ್ಣೋ ಅವರೇ ಮುಖ್ಯಸ್ಥರು. ಗೆದ್ದವರು ಫ್ರೆಡ್ರಿಕ್ ಸಿಲಬಾನ್. ಉತ್ತರ ಸುಮಾತ್ರದ ಬಟಕ್ ಸಮುದಾಯದ ಪ್ರೊಟೆಸ್ಟಂಟ್ ಕ್ರೈಸ್ತರು. ಬೋಗೋರ್ ಪಟ್ಟಣದ ಲೋಕೋಪಯೋಗಿ ವಿಭಾಗ ನೋಡಿಕೊಳ್ಳುತ್ತಿದ್ದವರು, ಮುಂದೆ ಬ್ಯಾಂಕ್ ಇಂಡೋನೇಷ್ಯಾದ ಕಟ್ಟಡವನ್ನೂ ವಿನ್ಯಾಸ ಮಾಡಿದವರು. ಜಾಗದ ಬಗ್ಗೆ ಭಿನ್ನಾಭಿಪ್ರಾಯವಿತ್ತು. ಉಪಾಧ್ಯಕ್ಷ ಹತ್ತಾ ಅವರಿಗೆ ತಮ್ರಿನ್ ರಸ್ತೆ ಇಷ್ಟ, ಸುಕರ್ಣೋ ಅವರಿಗೆ ಡಚ್ಚರ ಕಾಲದ ಕೋಟೆಯಿದ್ದ ವಿಲ್ಹೆಲ್ಮಿನಾ ಉದ್ಯಾನ. ಅದರ ಎದುರಿಗೇ 1901ರ ಕ್ಯಾಥೊಲಿಕ್ ಕ್ಯಾಥೆಡ್ರಲ್ ಇತ್ತು, ಎರಡು ಧರ್ಮದ ಮನೆಗಳು ಎದುರುಬದುರು ನಿಲ್ಲಬೇಕೆಂಬುದು ಅವರ ಹಟ. ಶಂಕುಸ್ಥಾಪನೆ 1961ರ ಆಗಸ್ಟ್ 24ರಂದು, ಉದ್ಘಾಟನೆ ನಂತರದ ಅಧ್ಯಕ್ಷ ಸುಹಾರ್ತೋ ಕೈಯಿಂದ 1978ರ ಫೆಬ್ರವರಿ 22ರಂದು. ನಡುವೆ 1965ರ ರಾಜಕೀಯ ಕೋಲಾಹಲ, ಹಣದ ಮುಗ್ಗಟ್ಟು. ಹಾಗಾಗಿ 17 ವರ್ಷ ಹಿಡಿಯಿತು.

ಒಟ್ಟು ಆವರಣ 9 ಹೆಕ್ಟೇರಿನಷ್ಟು. ಅದರೊಳಗೆ ನಾಲ್ಕು ಭಾಗಗಳನ್ನು ಬಿಡಿಬಿಡಿಯಾಗಿ ಗುರುತಿಸಿಕೊಂಡರೆ ಕಟ್ಟಡ ಬೇಗ ಅರ್ಥವಾಗುತ್ತದೆ. ಮೊದಲನೆಯದು ದೊಡ್ಡ ಗುಮ್ಮಟದ ಮುಖ್ಯ ಕಟ್ಟಡ, ಉದ್ದ ಅಗಲ ಎರಡೂ ಸುಮಾರು 100 ಮೀಟರ್, ಎತ್ತರ 60 ಮೀಟರ್. ಎರಡನೆಯದು ಅದರ ಬೆನ್ನಿಗಿರುವ, 8 ಮೀಟರ್ ವ್ಯಾಸದ ಪುಟ್ಟ ಗುಮ್ಮಟವಿರುವ ಪ್ರವೇಶ ಕಟ್ಟಡ. ಮೂರನೆಯದು ಸುತ್ತು ಮೊಗಸಾಲೆಗಳಿರುವ ವಿಶಾಲ ತೆರೆದ ಜಗಲಿ. ನಾಲ್ಕನೆಯದು ಒಂಟಿ ಮಿನಾರು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಈ ಭಾಗಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿಲ್ಲ. ಮುಖ್ಯ ಕಟ್ಟಡ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮಕ್ಕಾದ ದಿಕ್ಕಿನ ಕಡೆಗೆ ತಿರುಗಿದೆ, ಜಗಲಿಯ ನಡುಗೆರೆ ರಾಷ್ಟ್ರೀಯ ಸ್ಮಾರಕವಾದ ಮೊನಾಸ್ ಕಡೆಗೆ ತಿರುಗಿದೆ. ಒಂದು ಮುಖ ಮಕ್ಕಾದತ್ತ, ಇನ್ನೊಂದು ದೇಶದತ್ತ. ‘ರಾಷ್ಟ್ರೀಯ ಮಸೀದಿ’ ಎಂಬ ಎರಡು ಪದಗಳಿಗೂ ನಕ್ಷೆಯಲ್ಲೇ ಜಾಗ ಕೊಟ್ಟಿರುವುದು ಹೀಗೆ. 45, 12ರ ಲೆಕ್ಕಕ್ಕಿಂತ ಇದು ಎಷ್ಟೋ ಗಟ್ಟಿಯಾದ ಸಂಕೇತ, ಏಕೆಂದರೆ ನಡೆಯುವವರ ಕಾಲಿಗೂ ಇದು ಗೊತ್ತಾಗುತ್ತದೆ. ಎರಡು ದಿಕ್ಕುಗಳು ಕೂಡುವ ಕಡೆ ನಡಿಗೆ ಓರೆಯಾಗುತ್ತದೆ, ಮೊದಲ ಸಲ ಬಂದವರಿಗೆ ಒಂದು ಕ್ಷಣ ದಿಕ್ಕು ತಪ್ಪಿದಂತಾಗುತ್ತದೆ.

ಇನ್ನು ಬಿಸಿಲಿನ ಲೆಕ್ಕಕ್ಕೆ ಬರೋಣ. ಜಕಾರ್ತ ಇರುವುದು ದಕ್ಷಿಣ ಅಕ್ಷಾಂಶ 6 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿಂದ ಕಿಬ್ಲಾ ಉತ್ತರದಿಂದ ಪ್ರದಕ್ಷಿಣವಾಗಿ 295 ಡಿಗ್ರಿ, ಅಂದರೆ ಪಶ್ಚಿಮದಿಂದ ಉತ್ತರಕ್ಕೆ 25 ಡಿಗ್ರಿ ವಾಲಿದ್ದು. ಜೂನ್ ಮೂರನೇ ವಾರದಲ್ಲಿ ಆ ಊರಿನಲ್ಲಿ ಸೂರ್ಯ ಮುಳುಗುವುದು ಸುಮಾರು 293 ಡಿಗ್ರಿಯಲ್ಲಿ. ಕಿಬ್ಲಾಗೂ ಅದಕ್ಕೂ ಎರಡೇ ಡಿಗ್ರಿ ಅಂತರ! ಸಂಜೆಯ ನಮಾಜಿಗೆ ನಿಂತವರ ಕಣ್ಣಿಗೆ ಬಿಸಿಲು ನೇರವಾಗಿ ರಾಚಬೇಕಾದ ಸ್ಥಿತಿ. ಸಿಲಬಾನ್ ಮೂರು ಬದಿಗಳನ್ನು ಜಾಲಂಧ್ರಗಳಿಂದ ತೆರೆದಿಟ್ಟು ಕಿಬ್ಲಾ ಬದಿಯನ್ನು ಮಾತ್ರ ಅಮೃತಶಿಲೆ ಹೊದಿಸಿದ ಗಟ್ಟಿ ಗೋಡೆಯಾಗಿ ಮುಚ್ಚಿರುವುದು ಸಂಪ್ರದಾಯಕ್ಕೂ ಸರಿಹೋಗುತ್ತದೆ, ಸೂರ್ಯನ ಲೆಕ್ಕಕ್ಕೂ ಸರಿಹೋಗುತ್ತದೆ. ಅದರ ಎದುರು ಬದಿ 115 ಡಿಗ್ರಿಗೆ ಮುಖ ಮಾಡಿದೆ. ಡಿಸೆಂಬರಿನ ಸೂರ್ಯೋದಯ ಹೆಚ್ಚುಕಡಿಮೆ ಅಲ್ಲೇ, 113 ಡಿಗ್ರಿಯಲ್ಲಿ. ಆ ಕಡೆ ಪ್ರವೇಶ ಕಟ್ಟಡವೂ ಮೊಗಸಾಲೆಯೂ ಅಡ್ಡ ನಿಂತು ಬೆಳಗಿನ ಓರೆ ಬಿಸಿಲನ್ನು ತಡೆಯುತ್ತವೆ.

ಉಳಿದ ಎರಡು ಬದಿಗಳಿಗೆ ಸಜ್ಜಾ ಸಾಕು. ಜೂನ್ ನಡುಹಗಲಿನಲ್ಲಿ ಸೂರ್ಯ ಉತ್ತರಕ್ಕಿದ್ದು ನೆಲದಿಂದ 60 ಡಿಗ್ರಿ ಎತ್ತರದಲ್ಲಿರುತ್ತಾನೆ. ಮಾಡು ಒಂದು ಮೀಟರ್ ಮುಂಚಾಚಿದರೆ ಅದರ ಕೆಳಗಿನ ಗೋಡೆಯ 1.7 ಮೀಟರಿಗೆ ನೆರಳು ಬೀಳುತ್ತದೆ. ಡಿಸೆಂಬರಿನಲ್ಲಿ ದಕ್ಷಿಣಕ್ಕಿದ್ದು 73 ಡಿಗ್ರಿ ಎತ್ತರ. ಅದೇ ಒಂದು ಮೀಟರ್ ಚಾಚು 3.2 ಮೀಟರ್ ಗೋಡೆಯನ್ನು ಕಾಯುತ್ತದೆ. ಕಟ್ಟಡ ನೇರ ಉತ್ತರ-ದಕ್ಷಿಣಕ್ಕಿಲ್ಲದೆ 25 ಡಿಗ್ರಿ ತಿರುಗಿರುವುದರಿಂದ ಈ ಅಂಕಿ ದಿನದ ಹೊತ್ತಿಗೆ ತಕ್ಕಂತೆ ಸ್ವಲ್ಪ ಆಚೀಚೆಯಾಗುತ್ತದೆ ಅಷ್ಟೆ. ಇಂಥ ಅಕ್ಷಾಂಶದಲ್ಲಿ ಗಾಜಿನ ಗೋಡೆ ಕಟ್ಟಿ ಒಳಗೆ ಎಸಿ ಓಡಿಸುವುದಕ್ಕಿಂತ ಮುಂಚಾಚಿದ ಚಪ್ಪಟೆ ಮಾಡು, ಹೊರಸಾಲಿನಲ್ಲಿ ಕಂಬ, ಅದರಿಂದ ಒಳಸರಿದು ಜಾಲಂಧ್ರ ಎಂಬ ಮೂರು ಪದರದ ಹೊರಮೈ ಎಷ್ಟೋ ವಾಸಿ. ಸಿಲಬಾನ್ ಈ ಕ್ರಮವನ್ನು ಬಿಡದೆ ಹಿಡಿದ ವಾಸ್ತುಶಿಲ್ಪಿ. ಇಸ್ತಿಕ್ಲಾಲ್‌ನಲ್ಲಿ ಅದು ಎಲ್ಲಕ್ಕಿಂತ ದೊಡ್ಡ ಅಳತೆಯಲ್ಲಿ ಫಲ ಕೊಟ್ಟಿದೆ.

ಜಾಲಂಧ್ರಗಳು ಸ್ಟೇನ್‌ಲೆಸ್ ಸ್ಟೀಲಿನವು, ರೇಖಾಗಣಿತದ ವಿನ್ಯಾಸದವು. ಹತ್ತಿರದಿಂದ ನೋಡಿದರೆ ಒಂದೇ ಮೂಲ ಆಕೃತಿಯನ್ನು ಮತ್ತೆಮತ್ತೆ ಜೋಡಿಸಿದ್ದು ಕಾಣುತ್ತದೆ. ಕಣ್ಣು ನಿಲ್ಲುವಂಥ ಕುಸುರಿ ಅಲ್ಲ, ಅದೇ ಸರಿ. ಹೊರಗಿನ ಬಿರುಬೆಳಕನ್ನು ತುಣುಕು ಮಾಡಿ ಒಳಗೆ ಬಿಡುವುದು, ಗಾಳಿಗೆ ಅಡ್ಡಿಯಾಗದಿರುವುದು, ಇವೆರಡೇ ಅದರ ಕೆಲಸ. 30 ಡಿಗ್ರಿ ಶಾಖದಲ್ಲೂ ಮೈಮೇಲೆ ಹಗುರವಾಗಿ ಗಾಳಿ ಆಡುತ್ತಿದ್ದರೆ ಎರಡು-ಮೂರು ಡಿಗ್ರಿ ಕಡಿಮೆಯಿದ್ದಂತೆ ಅನಿಸುತ್ತದೆ. ಬೆವರು ಆರುವುದೇ ಅದಕ್ಕೆ ಕಾರಣ. ಜೊತೆಗೆ ನಡುವಿನ ಅಂಗಳ ಗುಮ್ಮಟದವರೆಗೂ ಖಾಲಿ ಇರುವುದರಿಂದ ಜನರ ಉಸಿರಿನ, ಮೈಯ ಶಾಖ ಮೇಲಕ್ಕೆ ಏರಿ ತಲೆಗಳಿಂದ ದೂರ ಉಳಿಯುತ್ತದೆ. ಮುಖ್ಯ ಪ್ರಾರ್ಥನಾಂಗಣವನ್ನು ಎಸಿ ಇಲ್ಲದೆ ನಡೆಯುವಂತೆ ವಿನ್ಯಾಸ ಮಾಡಿದ್ದು ಈ ಧೈರ್ಯದ ಮೇಲೆ.

ತೆರೆದ ಹೊರಮೈಗೆ ಕೊಡಬೇಕಾದ ಬೆಲೆಯೂ ಇದೆ. ಮಳೆಗಾಲದಲ್ಲಿ ಗಾಳಿ ಜೋರಾದರೆ ಇರಚಲು ಒಳಗೆ ಬರುತ್ತದೆ, ಅಂಚಿನ ಅಮೃತಶಿಲೆ ಒದ್ದೆಯಾದರೆ ಬರಿಗಾಲು ಜಾರುತ್ತದೆ. ಪಾಲಿಶ್ ಮಾಡಿದ ಕಲ್ಲಿನ ಮೇಲೆ ನೀರಿನ ತೆಳುಪದರ ನಿಂತರೆ ಪಾದಕ್ಕೆ ಹಿಡಿತ ಸಿಗದು. ಹೊರ ಮೊಗಸಾಲೆಗಳಿಗೆ ಒರಟು ಮೈಯ ಕಲ್ಲು ಹಾಕುವುದು, ನೆಲಕ್ಕೆ ಮೀಟರಿಗೆ ಒಂದೆರಡು ಸೆಂಟಿಮೀಟರ್ ಓಟ ಕೊಡುವುದು ಇಂಥ ಕಟ್ಟಡಗಳಲ್ಲಿ ತಪ್ಪಿಸಬಾರದ ಕೆಲಸ. ಇನ್ನೊಂದು ಬೆಲೆ ದೂಳು. ಸುತ್ತ ರಸ್ತೆಗಳಿವೆ, ಸಮುದ್ರ ದೂರವಿಲ್ಲ. ಮಸಿ, ಉಪ್ಪಿನಂಶ, ತೇವ ಮೂರೂ ಸೇರಿ ಸ್ಟೇನ್‌ಲೆಸ್ ಸ್ಟೀಲಿನ ಮೇಲೆ ಕಂದು ಕಲೆ ಮೂಡಿಸುತ್ತವೆ. ಸ್ಟೀಲು ಒಳಗಿನಿಂದ ಕೊಳೆತಿದೆ ಎಂದಲ್ಲ, ಮೇಲ್ಮೈಯ ರಕ್ಷಣಾ ಪದರ ಅಲ್ಲಲ್ಲಿ ಸೋತಿದೆ ಎಂದು ಅರ್ಥ. ಸಿಹಿನೀರು, ಮೆದು ಸೋಪು, ಗೀರುಗಳು ಯಾವ ದಿಕ್ಕಿಗಿವೆಯೋ ಅದೇ ದಿಕ್ಕಿಗೆ ಉಜ್ಜುವ ಬಟ್ಟೆ ಇಷ್ಟೇ ಸಾಕು, ಆದರೆ ನಿಯಮಿತವಾಗಿ ಆಗಬೇಕು. ಮಳೆ ತಾಗದ ಒಳಮಗ್ಗುಲನ್ನೇ ಹೆಚ್ಚು ತೊಳೆಯಬೇಕು, ಹೊರಮೈಯನ್ನಾದರೆ ಮಳೆಯೇ ತೊಳೆಯುತ್ತದೆ. ಕಬ್ಬಿಣದ ನಾರಿನಿಂದ ಉಜ್ಜಿದರೆ ಅದರ ಕಣಗಳು ಅಂಟಿಕೊಂಡು ಅವೇ ತುಕ್ಕು ಹಿಡಿಯುತ್ತವೆ. ನೆಲ ತೊಳೆಯುವ ಆಸಿಡ್ಡನ್ನಂತೂ ಹತ್ತಿರವೂ ತರಬಾರದು: ಅಮೃತಶಿಲೆ ಸುಣ್ಣದ ಕಲ್ಲಿನ ಜಾತಿಯದು, ಆಸಿಡ್ ಬಿದ್ದ ಕಡೆ ಹೊಳಪು ಕರಗಿ ಹೋಗುತ್ತದೆ, ಆವಿಯಿಂದ ಸ್ಟೀಲೂ ಕೆಡುತ್ತದೆ. ಇಲ್ಲಿ ನೆಲಕ್ಕೂ ಗೋಡೆಗೂ ಹೆಚ್ಚಾಗಿ ಬಳಸಿರುವುದು ಪೂರ್ವ ಜಾವಾದ ತುಲುಂಗಾಗುಂಗ್ ಅಮೃತಶಿಲೆ, ಆದ್ದರಿಂದ ಈ ಎಚ್ಚರ ಇಡೀ ಕಟ್ಟಡಕ್ಕೆ ಅನ್ವಯಿಸುತ್ತದೆ.

ಒಳಗೆ ಕಾಲಿಟ್ಟರೆ ಮೊದಲು ಕಣ್ಣು ಸೆಳೆಯುವುದು 12 ಕಂಬಗಳು. ಒಂದೊಂದರ ವ್ಯಾಸ 2.6 ಮೀಟರ್, ಮೈತುಂಬ ಸ್ಟೇನ್‌ಲೆಸ್ ಸ್ಟೀಲ್ ಹೊದಿಕೆ. ಇವು ವೃತ್ತಾಕಾರವಾಗಿ ನಿಂತು 45 ಮೀಟರಿನ ಗುಮ್ಮಟವನ್ನು ಹೊತ್ತಿವೆ. ಗುಮ್ಮಟ ಕಾಂಕ್ರೀಟಿನದಲ್ಲ, ಪಶ್ಚಿಮ ಜರ್ಮನಿಯಿಂದ ತರಿಸಿದ ಉಕ್ಕಿನ ಬಹುಮುಖಿ ಚೌಕಟ್ಟು, ಹೊರಗೆ ಪಿಂಗಾಣಿ ಹೊದಿಕೆ. ಉಕ್ಕಿನ ಜಾಲ ಆರಿಸಿಕೊಂಡದ್ದು ಜಾಣತನ. ಅದೇ ವ್ಯಾಸದ ಕಾಂಕ್ರೀಟ್ ಗುಮ್ಮಟವಾಗಿದ್ದರೆ ತೂಕ ಹಲವು ಪಟ್ಟು ಏರಿ ಕಂಬ ಇನ್ನೂ ದಪ್ಪವಾಗುತ್ತಿತ್ತು, ನದಿಯ ಮೆಕ್ಕಲು ನೆಲದಲ್ಲಿ ತಳಪಾಯಕ್ಕೂ ಹೊರೆಯಾಗುತ್ತಿತ್ತು. ಚಿಲಿವುಂಗ್ ನದಿಯ ಕವಲು ಆವರಣದೊಳಗೇ ಹರಿಯುತ್ತದೆ. ಮುಖ್ಯ ಕಟ್ಟಡದ ಅಡಿಯಲ್ಲಿ 2,361 ಪೈಲ್‌ಗಳನ್ನು (ತಳಪಾಯದ ಆಧಾರ ಕಂಬಗಳನ್ನು) ಇಳಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

ಕಂಬಗಳ ಮೇಲಿನ ಸ್ಟೀಲು ಹೊದಿಕೆ ಹತ್ತಿರದಿಂದ ನೋಡಲು ಯೋಗ್ಯವಾದದ್ದು. ಸ್ಟೇನ್‌ಲೆಸ್ ಸ್ಟೀಲೂ ಕಾಂಕ್ರೀಟೂ ಶಾಖಕ್ಕೆ ಒಂದೇ ಸಮ ಹಿಗ್ಗುವುದಿಲ್ಲ. 10 ಮೀಟರ್ ಉದ್ದದ ಸ್ಟೀಲು 30 ಡಿಗ್ರಿ ಏರಿಳಿತಕ್ಕೆ ಸುಮಾರು 5 ಮಿಲಿಮೀಟರ್ ಹಿಗ್ಗಿದರೆ ಕಾಂಕ್ರೀಟು 3 ಮಿಲಿಮೀಟರ್. ಎರಡನ್ನೂ ಬಿಗಿಯಾಗಿ ಕಚ್ಚಿಸಿದರೆ ತಗಡು ಉಬ್ಬುತ್ತದೆ, ಉಬ್ಬಿದ್ದು ಹೊಳೆಯುವ ಮೈಯಲ್ಲಿ ಎದ್ದು ಕಾಣುತ್ತದೆ. ಅದಕ್ಕೇ ಹೊದಿಕೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ನಡುವೆ ಸಂದು ಬಿಡಬೇಕಾಗುತ್ತದೆ. ಒಳಗಿನ ಕಂಬಗಳಿಗೆ ಬಿಸಿಲು ತಾಗುವುದಿಲ್ಲವಾದ್ದರಿಂದ ಈ ತೊಂದರೆ ಕಡಿಮೆ, ಹೊರಗಿನ ಹೊದಿಕೆಗಳಿಗೆ ಹೆಚ್ಚು.

ನಮಾಜಿನ ದೃಷ್ಟಿಯಿಂದ ಕಂಬಗಳ ಬಗ್ಗೆ ಒಂದು ತಕರಾರು ಇದೆ. 45 ಮೀಟರ್ ವ್ಯಾಸದ ವೃತ್ತದ ಸುತ್ತಳತೆ ಸುಮಾರು 141 ಮೀಟರ್. ಅದರಲ್ಲಿ 12 ಕಂಬ ಎಂದರೆ ಕಂಬದ ನಡುವಿನಿಂದ ನಡುವಿಗೆ 11.8 ಮೀಟರ್, ದಪ್ಪ ಕಳೆದರೆ ಉಳಿಯುವ ಸಂದು 9 ಮೀಟರಿಗಿಂತ ತುಸು ಹೆಚ್ಚು. ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವ ಸಫ್‌ನಲ್ಲಿ (ನಮಾಜಿನ ಸಾಲಿನಲ್ಲಿ) ಹದಿನೆಂಟು ಜನರ ಜಾಗ. ಅಂದರೆ ವೃತ್ತವನ್ನು ಹಾದುಹೋಗುವ ಕೆಲವು ಸಾಲುಗಳು ಕಂಬಕ್ಕೆ ಬಡಿದು ತುಂಡಾಗುತ್ತವೆ. ಜಾಗವಿರುವಾಗ ಕಂಬಗಳ ನಡುವೆ ಸಾಲು ಕಟ್ಟುವುದನ್ನು ಹಲವು ವಿದ್ವಾಂಸರು ಇಷ್ಟಪಡುವುದಿಲ್ಲ, ಜನಸಂದಣಿಯಿದ್ದರೆ ಅಭ್ಯಂತರವಿಲ್ಲ ಎನ್ನುತ್ತಾರೆ. ವೃತ್ತದ ಒಳಗೆ ಮಾತ್ರ 45 ಮೀಟರ್ ಉದ್ದಗಲಕ್ಕೆ ಒಂದೂ ಅಡ್ಡಿಯಿಲ್ಲ. ವಾರದ ದಿನಗಳಲ್ಲಿ ಜಮಾತ್ (ಸಾಮೂಹಿಕ ನಮಾಜು) ಅಲ್ಲಿಗೇ ಮುಗಿಯುವುದರಿಂದ ಈ ದೋಷ ಜುಮಾ (ಶುಕ್ರವಾರದ ನಮಾಜು) ಮತ್ತು ರಂಜಾನಿನಲ್ಲಿ ಮಾತ್ರ ಅನುಭವಕ್ಕೆ ಬರುತ್ತದೆ. ಸುತ್ತಲಿನ ನಾಲ್ಕು ಸಾಲು ಉಪ್ಪರಿಗೆಗಳ ಹಿಂಬದಿಯಿಂದ ಇಮಾಮರು ಕಾಣುವುದಿಲ್ಲ, ಕಿವಿಯನ್ನೇ ನಂಬಬೇಕು.

ಕಿವಿಯದೇ ಇಲ್ಲಿ ಸಮಸ್ಯೆ. ಕಲ್ಲು, ಸ್ಟೀಲು, ಪಿಂಗಾಣಿ: ಸದ್ದು ಹೀರುವಂಥದ್ದು ನೆಲದ ಜಮಖಾನ ಬಿಟ್ಟರೆ ಏನೂ ಇಲ್ಲ. ಗುಮ್ಮಟದ ಒಳಮೈ ನೆಲದಿಂದ 40 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಹೊರಟ ದನಿ ಮೇಲೆ ಹೋಗಿ ಕೆಳಗೆ ಬರಲು 80 ಮೀಟರಿಗೂ ಹೆಚ್ಚು ದಾರಿ, ಅಂದರೆ ಕಾಲು ಸೆಕೆಂಡಿನ ಆಸುಪಾಸು. ಮಾತಿನಲ್ಲಿ ಒಂದು ಉಚ್ಚಾರ ಹಿಡಿಯುವುದೇ ಸುಮಾರು ಅಷ್ಟು ಹೊತ್ತು. ಹಾಗಾಗಿ ಒಂದು ಅಕ್ಷರದ ಪ್ರತಿಧ್ವನಿ ಮುಂದಿನ ಅಕ್ಷರದ ಮೇಲೆ ಬಂದು ಕೂರುತ್ತದೆ. ನಿಧಾನವಾಗಿ, ಎಳೆದು ಓದುವ ಕುರ್‌ಆನ್ ಪಠಣಕ್ಕೆ ಇದು ಒಪ್ಪುತ್ತದೆ, ದನಿಗೆ ಗಾಂಭೀರ್ಯ ಬರುತ್ತದೆ. ಅದೇ ಅಂಗಣದಲ್ಲಿ ಖುತ್ಬಾ (ಪ್ರವಚನ) ಕಲಸಿಹೋಗುತ್ತದೆ. ಗುಮ್ಮಟಗಳಿಗೆ ಇನ್ನೊಂದು ಕೆಟ್ಟ ಗುಣವುಂಟು, ಒಳಬಾಗಿದ ಮೈ ಸದ್ದನ್ನೆಲ್ಲ ಒಂದೆಡೆ ಗುಡ್ಡೆ ಹಾಕುತ್ತದೆ. ಇಲ್ಲಿ ಗುಮ್ಮಟವನ್ನು ಎತ್ತರಕ್ಕೆ ಏರಿಸಿರುವುದರಿಂದ ಆ ಗುಡ್ಡೆ ಜನರ ತಲೆಗಿಂತ ತುಂಬ ಮೇಲೆ ಬಿದ್ದು ಮತ್ತೆ ಚದುರುತ್ತದೆ. ಅಷ್ಟು ಪುಣ್ಯ. ತೆರೆದ ಜಾಲಂಧ್ರಗಳಿಂದ ಸ್ವಲ್ಪ ಸದ್ದು ಹೊರಗೆ ಸೋರಿ ಹೋಗುವುದೂ ಒಳ್ಳೆಯದೇ.

ಇಂಥ ಅಂಗಣಕ್ಕೆ ಪರಿಹಾರ ಜೋರು ಸ್ಪೀಕರ್ ಅಲ್ಲ, ಜೋರು ಮಾಡಿದಷ್ಟೂ ಪ್ರತಿಧ್ವನಿಯೂ ಜೋರಾಗುತ್ತದೆ. ಕಂಬಗಳಿಗೆ ತಲೆಗಿಂತ ತುಸು ಮೇಲೆ ಉದ್ದನೆಯ ಕಿರಿದಾದ ಸ್ಪೀಕರ್‌ಗಳನ್ನು ಕೆಳಮುಖವಾಗಿ ಹಾಕಿ, ಸದ್ದು ಗುಮ್ಮಟಕ್ಕೆ ಏರದಂತೆ ಜನರ ಮೇಲಷ್ಟೇ ಚೆಲ್ಲಬೇಕು. ಇಮಾಮರಿಂದ ದೂರವಾದಂತೆ ಪ್ರತಿ 34 ಮೀಟರಿಗೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ದನಿ ಹೊರಡುವಂತೆ ಹೊಂದಿಸಬೇಕು. ಇಲ್ಲದಿದ್ದರೆ ಹಿಂದಿನ ಸಾಲಿನವರಿಗೆ ಒಂದೇ ಮಾತು ಎರಡು ಸಲ ಕೇಳುತ್ತದೆ. ಉಪ್ಪರಿಗೆಗಳ ತಳಭಾಗಕ್ಕೆ, ಕೆಳಗಿನಿಂದ ಕಾಣುವ ಅಂದ ಕೆಡದಂತೆ, ಸದ್ದು ಹೀರುವ ಹಲಗೆ ಹಾಕಲು ಅವಕಾಶವಿದೆ. ಜನ ತುಂಬಿದಾಗ ಮೈಬಟ್ಟೆಗಳೇ ಸದ್ದು ಹೀರುತ್ತವೆ. ಹಾಗಾಗಿ ಶುಕ್ರವಾರಕ್ಕಿಂತ ಖಾಲಿ ಮಧ್ಯಾಹ್ನದಲ್ಲೇ ಮಾತು ಹೆಚ್ಚು ಕಲಸುತ್ತದೆ. ಪರೀಕ್ಷಿಸುವವರು ಖಾಲಿಯಿದ್ದಾಗಲೇ ಪರೀಕ್ಷಿಸಬೇಕು.

ಲಕ್ಷಕ್ಕೂ ಮೀರಿದ ಜನ ಹಿಡಿಯುತ್ತದೆ ಎಂಬ ಮಾತನ್ನು ಹಾಗೇ ಒಪ್ಪಿಕೊಳ್ಳದೆ ಒಮ್ಮೆ ತೂಗಿ ನೋಡಬಹುದು. ತೆರೆದ ಜಗಲಿ 29,800 ಚದರ ಮೀಟರ್, ಅಲ್ಲಿ 50,000 ಜನ ಎಂದು ಲೆಕ್ಕ. ತಲೆಗೆ 0.6 ಚದರ ಮೀಟರ್ ಬಂತು. ಸಜ್ದಾ (ಹಣೆ ನೆಲಕ್ಕೆ ತಾಗಿಸುವ ನಮನ) ಮಾಡಲು ಒಬ್ಬರಿಗೆ ಬೇಕಾದದ್ದು ಅರ್ಧ ಮೀಟರ್ ಅಗಲ, 1.2 ಮೀಟರ್ ಉದ್ದ. ಗುಣಿಸಿದರೆ ಸರಿಯಾಗಿ ಅಷ್ಟೇ. ಅಂದರೆ ಅಂಕಿ ಉತ್ಪ್ರೇಕ್ಷೆಯಲ್ಲ, ಆದರೆ ನಡೆದಾಡುವ ದಾರಿಗೆ ಒಂದು ಅಂಗುಲವನ್ನೂ ಬಿಡದ ಲೆಕ್ಕ. ಈದ್ ದಿನ ಮಧ್ಯದಲ್ಲಿ ಯಾರಾದರೂ ತಲೆ ಸುತ್ತಿ ಬಿದ್ದರೆ ಅವರನ್ನು ಹೊರಗೆ ತರಲು ಓಣಿ ಬೇಕು, ಅದಕ್ಕಾಗಿ ಶೇಕಡಾ ಹತ್ತು ಹದಿನೈದನ್ನಾದರೂ ಕಳೆದು ಎಣಿಸುವುದು ಲೇಸು. ಈದ್ ನಮಾಜು ಬೆಳಿಗ್ಗೆಯೇ ಮುಗಿಯುವುದರಿಂದ ಜಗಲಿಯ ಬಿಸಿ ಕಾಡುವುದಿಲ್ಲ. ನಡುಹಗಲಿನಲ್ಲಿ ಅದೇ ನೆಲದ ಮೇಲೆ ಬರಿಗಾಲಿನಲ್ಲಿ ನಿಲ್ಲಲಾಗದು, ಮೊಗಸಾಲೆಯ ನೆರಳು ಹಿಡಿದು ನಡೆಯಬೇಕು.

ವುಜೂ, ಅಂದರೆ ನಮಾಜಿಗೆ ಮೊದಲು ಕೈ ಕಾಲು ಮುಖ ತೊಳೆಯುವ ಜಾಗಗಳು ನೆಲ ಅಂತಸ್ತಿನಲ್ಲಿವೆ. ಮೂಲ ಯೋಜನೆಯಲ್ಲಿ 660 ನಲ್ಲಿಗಳು. ಒಬ್ಬರಿಗೆ ಎರಡು ನಿಮಿಷ ಎಂದಿಟ್ಟುಕೊಂಡರೆ ಕಾಲು ಗಂಟೆಗೆ ಹತ್ತಿರ ಹತ್ತಿರ 5,000 ಜನ ಮುಗಿಸಬಹುದು. ಮೂರು ನಿಮಿಷವಾದರೆ 3,300ಕ್ಕೆ ಇಳಿಯುತ್ತದೆ. ದಿನದ ನಮಾಜಿಗೆ ಇದು ಧಾರಾಳ, ಜುಮಾಕ್ಕೆ ಬಿಗಿ, ಈದ್‌ಗೆ ಸಾಲದು. ಹಬ್ಬದ ದಿನ ಮನೆಯಲ್ಲೇ ವುಜೂ ಮಾಡಿಕೊಂಡು ಬರುವುದು ಜಾಣತನ. ಕೆಳಗೆ ವುಜೂ, ಮೇಲೆ ನಮಾಜು ಎಂಬ ವಿಂಗಡಣೆಯಿಂದ ಒದ್ದೆ ಕಾಲು ಜಮಖಾನಕ್ಕೆ ಬರುವ ಮೊದಲು ಮೆಟ್ಟಿಲಲ್ಲೇ ಅರ್ಧ ಆರುತ್ತದೆ. ವಯಸ್ಸಾದವರಿಗೆ ಮಾತ್ರ ಅದೇ ಮೆಟ್ಟಿಲು ಕಷ್ಟ. ಗೇಟಿನಿಂದ ವುಜೂ, ಅಲ್ಲಿಂದ ಮೇಲಿನ ಅಂಗಣ ಎಂದು ನಡೆಯುವ ದೂರವೂ ಕಡಿಮೆಯಲ್ಲ. ಬೃಹತ್ ಅಳತೆಯ ಗುಂಗಿನಲ್ಲಿ ಮೂಲ ವಿನ್ಯಾಸ ಮಂಡಿನೋವಿನವರನ್ನು ಸಾಕಷ್ಟು ನೆನೆದಿಲ್ಲ ಎಂದೇ ಹೇಳಬೇಕು.

ಮಿನಾರು ಒಂದೇ. ದೇವರು ಒಬ್ಬನೇ ಎಂಬುದಕ್ಕೆ ಒಂದೇ ಮಿನಾರು ಎಂಬ ವಿವರಣೆ ಸರಳವೂ ಸುಂದರವೂ ಆಗಿದೆ. ನಿರ್ಮಾಣದ ಕಡೆಯಿಂದ ನೋಡಿದರೂ ನಾಲ್ಕು ಗಿಡ್ಡ ಗೋಪುರಗಳಿಗಿಂತ ಒಂದು ಎತ್ತರದ್ದು ಚಪ್ಪಟೆ ಮಾಡಿನ ಉದ್ದನೆಯ ಕಟ್ಟಡಕ್ಕೆ ಹೆಚ್ಚು ಒಪ್ಪುತ್ತದೆ. ಗೋಪುರ 66.66 ಮೀಟರ್, ಅದರ ಮೇಲೆ 30 ಮೀಟರಿನ ಸ್ಟೇನ್‌ಲೆಸ್ ಸ್ಟೀಲ್ ಶಿಖರ. 30 ಎಂದರೆ ಕುರ್‌ಆನಿನ 30 ಜುಝ್ (ಭಾಗಗಳು), ಇದು ನಿಖರ. 66.66 ಸೂಚಿಸುವ 6,666 ಆಯತ್‌ಗಳು (ಕುರ್‌ಆನಿನ ವಾಕ್ಯಗಳು) ಎಂಬುದು ಜನಪ್ರಿಯ ಎಣಿಕೆ. ಇಂದು ಹೆಚ್ಚು ಬಳಕೆಯಲ್ಲಿರುವ ಕೂಫಾ ಕ್ರಮದಲ್ಲಿ ಆಯತ್‌ಗಳು 6,236. ಮಕ್ಕಳಿಗೆ ಹೇಳಿಕೊಡುವವರು ಈ ವ್ಯತ್ಯಾಸವನ್ನೂ ಹೇಳಿಕೊಡಬೇಕು. ಶಿಖರದ ಜಾಲರಿ ಮೈ ಗಾಳಿಯನ್ನು ತನ್ನ ಮೂಲಕವೇ ಹಾಯಲು ಬಿಡುತ್ತದೆ. ಮುಚ್ಚಿದ ಶಿಖರವಾಗಿದ್ದರೆ ತುದಿಯ ಮೇಲೆ ಗಾಳಿಯ ಒತ್ತಡ ಬಹಳ ಹೆಚ್ಚಾಗುತ್ತಿತ್ತು.

2019ರಲ್ಲಿ ಶುರುವಾದ ದೊಡ್ಡ ನವೀಕರಣಕ್ಕೆ ಸುಮಾರು 511 ಶತಕೋಟಿ ರುಪಿಯಾ ಖರ್ಚಾಯಿತು. ಅಧ್ಯಕ್ಷ ಜೋಕೋ ವಿಡೋಡೋ 2021ರ ಜನವರಿ 7ರಂದು ಅದನ್ನು ಉದ್ಘಾಟಿಸಿದರು. ಸ್ಟೀಲು, ಅಮೃತಶಿಲೆಗಳ ಪಾಲಿಶ್, ಹೊಸ ಬೆಳಕಿನ ವ್ಯವಸ್ಥೆ, ನದಿಯಂಚಿನ ಅಂಗಳ, ಸೌರ ಫಲಕ, ನೀರು ಉಳಿಸುವ ನಲ್ಲಿ. 2022ರಲ್ಲಿ ಎಡ್ಜ್ ಎಂಬ ಹಸಿರು ಕಟ್ಟಡ ಪ್ರಮಾಣಪತ್ರ ದೊರೆಯಿತು, ಪೂಜಾಸ್ಥಳವೊಂದಕ್ಕೆ ಜಗತ್ತಿನಲ್ಲೇ ಮೊದಲ ಬಾರಿ. ಅದನ್ನು ಪಡೆಯಲು ವಿದ್ಯುತ್ತು, ನೀರು, ಕಟ್ಟಡ ಸಾಮಗ್ರಿಯಲ್ಲಡಗಿದ ಶಕ್ತಿ ಮೂರರಲ್ಲೂ ಕನಿಷ್ಠ ಶೇಕಡಾ 20 ಉಳಿತಾಯ ತೋರಿಸಬೇಕು. ನಮ್ಮ ದೃಷ್ಟಿಯಲ್ಲಿ ಅದರ ಅರ್ಧ ಶ್ರೇಯಸ್ಸು 1955ರ ನಕ್ಷೆಗೆ ಸೇರಬೇಕು. ಇಷ್ಟು ದೊಡ್ಡ ಅಂಗಣವನ್ನು ಎಸಿ ಯಂತ್ರದಿಂದ ತಣಿಸಬೇಕಾಗಿ ಬಂದಿದ್ದರೆ ಎಷ್ಟು ಸೌರ ಫಲಕ ಹಾಕಿದರೂ ಸಾಲುತ್ತಿರಲಿಲ್ಲ.

ಅದೇ ಕಾಲದ ಬೇರೆ ರಾಷ್ಟ್ರೀಯ ಮಸೀದಿಗಳ ಪಕ್ಕದಲ್ಲಿಟ್ಟು ನೋಡಿದರೆ ಇಸ್ತಿಕ್ಲಾಲ್ ಗುಣ ಇನ್ನೂ ಸ್ಪಷ್ಟ. ಕೌಲಾಲಂಪುರದ ಮಸ್ಜಿದ್ ನೆಗಾರ 1965ರದು, ಮಡಿಚಿದ ಹಾಳೆಯಂಥ ಕಾಂಕ್ರೀಟಿನ ಮಾಡು ಬಿಚ್ಚಿದ ಕೊಡೆಯಂತಿದೆ, 73 ಮೀಟರ್ ಮಿನಾರಿನ ತುದಿ ಮಡಚಿದ ಕೊಡೆಯಂತಿದೆ. ಆಕೃತಿಯ ಹೊಸತನದಲ್ಲಿ, ಮನುಷ್ಯರ ಅಳತೆಗೆ ಹತ್ತಿರವಿರುವುದರಲ್ಲಿ ಅದು ಮುಂದು. ಇಸ್ಲಾಮಾಬಾದಿನ ಫೈಸಲ್ ಮಸೀದಿಯಲ್ಲಿ ತುರ್ಕಿಯ ವೇದಾತ್ ದಾಲೋಕಾಯ್ ಗುಮ್ಮಟವನ್ನೇ ಕೈಬಿಟ್ಟು ಡೇರೆಯಂಥ ಕಾಂಕ್ರೀಟ್ ಚಿಪ್ಪು ಎಬ್ಬಿಸಿದರು, ದೂರದಿಂದ ಕಾಣುವ ರೂಪದಲ್ಲಿ ಅದಕ್ಕೆ ಎದುರಿಲ್ಲ. ಇಸ್ತಿಕ್ಲಾಲ್ ಹೊರಗಿನಿಂದ ಸಪ್ಪೆ ಎನಿಸಬಹುದು, ದೊಡ್ಡ ಸರ್ಕಾರಿ ಕಚೇರಿಯ ಮೇಲೆ ಗುಮ್ಮಟ ಇಟ್ಟಂತಿದೆ ಎಂದು ದೂರುವವರೂ ಇದ್ದಾರೆ. ಒಳಗೆ ಕೂತು ಎದ್ದವರು ಹಾಗೆನ್ನುವುದು ಕಷ್ಟ.

ನೋಡಲು ಹೋಗುವವರಿಗೆ ಕೆಲವು ಮಾತು. ಬೋಗೋರ್ ಮಾರ್ಗದ ಲೋಕಲ್ ರೈಲಿನಲ್ಲಿ ಜುವಾಂಡಾ ನಿಲ್ದಾಣದಲ್ಲಿ ಇಳಿದರೆ ಮಸೀದಿ ನಡಿಗೆಯ ದೂರ. ಟ್ರಾನ್ಸ್‌ಜಕಾರ್ತ ಬಸ್ಸೂ ಹತ್ತಿರದಲ್ಲೇ ನಿಲ್ಲುತ್ತದೆ. ಪ್ರವೇಶಕ್ಕೆ ಟಿಕೆಟ್ ಇಲ್ಲ. ಏಳು ದ್ವಾರಗಳಿಗೂ ಅಲ್ಲಾಹನ ನಾಮಗಳಿಂದ ಆರಿಸಿದ ಹೆಸರಿದೆ, ಅಲ್ ಫತ್ತಾಹ್ ಎಂಬುದು ಕ್ಯಾಥೆಡ್ರಲ್ ಕಡೆಗಿರುವುದು. ಚಪ್ಪಲಿ ಬಿಟ್ಟೇ ಮುಂದೆ ಹೋಗಬೇಕು, ಒಳಗೆ ಬಂದ ದಾರಿಯಲ್ಲೇ ಹೊರಬರದೆ ಹೋಗಬಹುದು, ಹಾಗಾಗಿ ಚಪ್ಪಲಿ ಹಾಕಿಕೊಳ್ಳಲು ಒಂದು ಚೀಲ ಕೈಯಲ್ಲಿರಲಿ. ತೋಳು, ಮಂಡಿ ಮುಚ್ಚದ ಉಡುಪಿದ್ದರೆ ನಿಲುವಂಗಿ ಕೊಡುತ್ತಾರೆ. ಮುಸ್ಲಿಮರಲ್ಲದವರಿಗೂ ಸ್ವಾಗತವಿದೆ, ಅವರು ಮೇಲಂತಸ್ತಿನಿಂದ ಅಂಗಣ ನೋಡುವುದು ವಾಡಿಕೆ. ಗುಮ್ಮಟ, ಕಂಬ, ಕಿಬ್ಲಾ ಗೋಡೆ ಮೂರೂ ಒಂದೇ ನೋಟಕ್ಕೆ ಸಿಗುವುದು ಅಲ್ಲಿಂದಲೇ, ಆದ್ದರಿಂದ ಅದು ನಷ್ಟವಲ್ಲ. ಶುಕ್ರವಾರ ಮಧ್ಯಾಹ್ನ ಬಿಟ್ಟು ಬೇರೆ ಹೊತ್ತು ಆರಿಸಿಕೊಳ್ಳಿ. ಮೆಟ್ಟಿಲು ಹತ್ತಲಾಗದವರು ಒಳಬರುವ ಮೊದಲೇ ಸಿಬ್ಬಂದಿಯನ್ನು ಕೇಳಿ ದಾರಿ ತಿಳಿದುಕೊಳ್ಳಬೇಕು. ಬೆಡುಗ್ ಎಂಬ ದೊಡ್ಡ ನಗಾರಿ ನೋಡದೆ ಬರಬೇಡಿ. 3 ಮೀಟರ್ ಉದ್ದ, ಒಂದೇ ಮೆರಾಂಟಿ ಮರದ ಕಾಂಡದಿಂದ ಕೊರೆದದ್ದು, ಎರಡೂ ಕಡೆ ಚರ್ಮ ಬಿಗಿದದ್ದು. ಕಲ್ಲು, ಸ್ಟೀಲುಗಳ ನಡುವೆ ಜಾವಾದ ಕೈಕೆಲಸ ಉಳಿದಿರುವ ಜಾಗ ಅದು.

ಮಸೀದಿಯಿಂದ ಕ್ಯಾಥೆಡ್ರಲ್‌ಗೆ ಈಗ ರಸ್ತೆ ದಾಟಬೇಕಿಲ್ಲ. ನವೀಕರಣದ ಜೊತೆಗೆ ಕೊರೆದ ಸಿಲತುರಹ್ಮಿ (ಸ್ನೇಹ ಸಂಬಂಧ) ಸುರಂಗ 28.3 ಮೀಟರ್ ಉದ್ದ, 4.1 ಮೀಟರ್ ಅಗಲ, 3 ಮೀಟರ್ ಎತ್ತರ. ಪೋಪ್ ಫ್ರಾನ್ಸಿಸ್ 2024ರ ಸೆಪ್ಟೆಂಬರ್ 5ರಂದು ಬಂದಾಗ ಇಲ್ಲಿ ಸಹಿ ಹಾಕಿದರು, ಡಿಸೆಂಬರಿನಲ್ಲಿ ಅಧ್ಯಕ್ಷ ಪ್ರಬೋವೊ ಅದನ್ನು ತೆರೆದರು. ಇದು ಬರೀ ತೋರಿಕೆಯ ಸಂಕೇತವಲ್ಲ. ಕ್ರಿಸ್ಮಸ್ ಹೊತ್ತಿಗೆ ಕ್ಯಾಥೆಡ್ರಲ್‌ಗೆ ಬರುವವರು ವಾಹನ ನಿಲ್ಲಿಸುವುದು ಮಸೀದಿಯ ಆವರಣದಲ್ಲಿ, ಆ ರೂಢಿ ಸುರಂಗಕ್ಕಿಂತ ಹಳೆಯದು. ನಾಲ್ಕು ಮೀಟರ್ ಅಗಲದಲ್ಲಿ ಆರೇಳು ಜನ ಅಕ್ಕಪಕ್ಕ ನಡೆಯಬಹುದು, ಎದುರುಬದುರು ಬರುವವರಿದ್ದರೆ ಒಂದೊಂದು ಕಡೆಗೆ ಮೂವರು. ಹಬ್ಬದ ಜನಸಂದಣಿಯಲ್ಲಿ ಒಂದು ಹೊತ್ತಿಗೆ ಒಂದೇ ದಿಕ್ಕಿಗೆ ಬಿಟ್ಟರೆ ಮಾತ್ರ ಅದು ಸಲೀಸಾಗಿ ಸಾಗೀತು.